ಮುಟ್ಟದೆ ಹೇಳಿದ ಮಾತು

ಹುಣಸೆಹುಳಿ ಹಾಕಿ ಹಿತ್ತಾಳೆ ತಿಕ್ಕುವಾಗ ಒಂದು ವಾಸನೆ ಏಳುತ್ತದೆ. ಪೂರ್ತಿ ಹುಳಿಯಲ್ಲ, ಸ್ವಲ್ಪ ಸಿಹಿ, ನಾಲಗೆಯ ಬುಡದಲ್ಲಿ ಬಂದು ನಿಲ್ಲುತ್ತದೆ. ಹಬ್ಬದ ಮುಂಚಿನ ದಿನ ನನ್ನ ಸೊಸೆ ಹಿತ್ತಲ ಕಲ್ಲಿನ ಮೇಲೆ ಕುಳಿತು ದೀಪ, ತಂಬಿಗೆ, ಆರತಿ ತಟ್ಟೆಗಳನ್ನು ತಿಕ್ಕುವಾಗ ನಾನು ಏನಾದರೊಂದು ನೆಪ ಹೇಳಿ ಮನೆಯಿಂದ ಹೊರಟುಬಿಡುತ್ತೇನೆ. ಅವಳಿಗೆ ಅದು ಹಬ್ಬದ ವಾಸನೆ. ನನಗೆ ಅದು ಲೇತಿನ ಮೇಲೆ ಹಿತ್ತಾಳೆ ಕೊರೆಯುವಾಗ ಉದುರುವ ಬಿಸಿ ಪುಡಿಯ ವಾಸನೆ. ಆ ಪುಡಿ ಅಂಗೈಯ ಗೆರೆಗಳಲ್ಲಿ ಕುಳಿತರೆ ಎರಡು ದಿನ ಹೋಗುತ್ತಿರಲಿಲ್ಲ. ಅನ್ನ ಕಲಸಿದರೆ ಅನ್ನಕ್ಕೂ ಬರುತ್ತಿತ್ತು. ನನ್ನ ತಮ್ಮ ಮಂಜನ ಕೈಗೆ ಯಾವಾಗಲೂ ಅದೇ ವಾಸನೆ ಇತ್ತು, ಅವನ ಕೈ ಕೈಯಾಗಿದ್ದಷ್ಟು ದಿನ. ಅದು ಕೈಯಾಗಿ ಉಳಿಯದಂತೆ ಮಾಡಿದವನು ನಾನು. ಇಷ್ಟನ್ನು ಹೇಳಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಓದುವ ನಿಮಗೂ ಒಂದು ಮನೆ ಇದ್ದಿರಬಹುದು, ಈಗ ಅದು ಇಲ್ಲದಿರಬಹುದು. ಇಲ್ಲದ ಮನೆಯ ಬಗ್ಗೆ ಮಾತಾಡುವಾಗ ನಾವೆಲ್ಲ ಅಲ್ಲಿನ ಒಳ್ಳೆಯದನ್ನಷ್ಟೇ ಹೇಳುತ್ತೇವೆ. ನಾನೂ ಬಹಳ ದಿನ ಹಾಗೇ ಹೇಳಿಕೊಂಡು ಬಂದೆ.

ನಮ್ಮ ಮನೆ ಸಾಲಿಗ್ರಾಮದಿಂದ ಸ್ವಲ್ಪ ಬಡಗಕ್ಕೆ, ಹೆದ್ದಾರಿಯ ಪಡುಬದಿಯಲ್ಲಿತ್ತು. ಅಪ್ಪಯ್ಯ ಚಿಕ್ಕ ವಯಸ್ಸಿಗೇ ಮುಂಬಯಿಗೆ ಹೋದವರು. ನಮ್ಮ ಕಡೆಯ ಎಲ್ಲರಂತೆ ಮೊದಲು ಹೋಟೆಲಿನಲ್ಲಿ ಲೋಟ ತೊಳೆದರು, ಆಮೇಲೆ ಅದು ಹೇಗೋ ಒಂದು ಮಿಲ್ಲಿನ ವರ್ಕ್‌ಶಾಪು ಸೇರಿ ಲೇತಿನ ಕೆಲಸ ಕಲಿತರು. ಊರಿಗೆ ವಾಪಸು ಬರುವಾಗ ಬೇರೆಯವರು ಟ್ರಂಕು ತಂದರೆ ಅಪ್ಪಯ್ಯ ಮಿಲ್ಲಿನವರು ಬೇಡವೆಂದು ಬಿಟ್ಟ ಒಂದು ಲೇತನ್ನು ಬಿಡಿಬಿಡಿ ಮಾಡಿ ಲಾರಿಯಲ್ಲಿ ತಂದರಂತೆ. ಐತಾಳರ ಮನೆಯಲ್ಲಿ ಪೂಜೆ ಬಿಟ್ಟು ಕಬ್ಬಿಣ ಕೆರೆಯುತ್ತಾರೆ ಎಂದು ಊರವರು ಕೆಲವು ವರ್ಷ ನಕ್ಕರು, ಆಮೇಲೆ ತಮ್ಮ ಪಂಪುಗಳನ್ನು ಹೊತ್ತುಕೊಂಡು ಬರತೊಡಗಿದರು. ದನದ ಕೊಟ್ಟಿಗೆಯ ಅರ್ಧಕ್ಕೆ ಹಲಗೆಯ ಗೋಡೆ ಎಬ್ಬಿಸಿ ಅದರಾಚೆ ಲೇತನ್ನು ಕೂರಿಸಿದ್ದರು. ಮಾಡಿನಲ್ಲಿ ಎರಡು ಗಾಜಿನ ಹಂಚು. ಮಧ್ಯಾಹ್ನ ಅದರೊಳಗಿಂದ ಇಳಿಯುವ ಬಿಸಿಲುಕೋಲಿನಲ್ಲಿ ಕಬ್ಬಿಣದ ಧೂಳು ಬೆಳ್ಳಿಯ ಹಾಗೆ ಆಡುತ್ತಿತ್ತು. ಸೆಗಣಿ, ಸೀಮೆಎಣ್ಣೆ, ಹಿಂಡಿ, ಸುಟ್ಟ ಎಣ್ಣೆ ಎಲ್ಲ ಸೇರಿದ ಗಾಳಿ. ಬೆಲ್ಟು ತಿರುಗುವ ಪಟಪಟ ಸದ್ದಿಗೆ ಗೋಡೆಯಾಚೆಯ ದನಗಳು ಎಷ್ಟು ಹೊಂದಿಕೊಂಡಿದ್ದವೆಂದರೆ ಕರೆಂಟು ಹೋಗಿ ಸದ್ದು ನಿಂತರೆ ಮೆಲುಕು ನಿಲ್ಲಿಸಿ ತಲೆ ಎತ್ತುತ್ತಿದ್ದವು. ಅಮ್ಮ ಅಡುಗೆಮನೆಯಿಂದಲೇ ಸದ್ದು ಕೇಳಿ, ಈಗ ಕಬ್ಬಿಣ, ಈಗ ಹಿತ್ತಾಳೆ ಎಂದು ಹೇಳುತ್ತಿದ್ದರು.

ಲೇತು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬಡಗಿಯ ಕೆಲಸದಲ್ಲಿ ಮರ ನಿಂತಿರುತ್ತದೆ, ಉಳಿ ಓಡಾಡುತ್ತದೆ. ಲೇತಿನಲ್ಲಿ ಉಳಿ ಹೆಚ್ಚುಕಡಿಮೆ ನಿಂತಿರುತ್ತದೆ, ವಸ್ತುವೇ ಗರಗರ ತಿರುಗುತ್ತದೆ. ಹಾಗಾಗಿ ಕೆರೆಯುವುದಕ್ಕಿಂತ ಹಿಡಿಯುವುದೇ ದೊಡ್ಡ ಕೆಲಸ. ದುಂಡಗಿನ ಸರಳನ್ನು ಯಾರು ಬೇಕಾದರೂ ಹಿಡಿಯುತ್ತಾರೆ, ಲೇತಿನ ಮೂರು ದವಡೆ ಮುಚ್ಚಿದರಾಯಿತು. ಆದರೆ ಕುಂದಾಪುರದಿಂದ ಬ್ರಹ್ಮಾವರದ ತನಕ ದುಂಡಗಿಲ್ಲದ್ದೆಲ್ಲ ನಮ್ಮಲ್ಲಿಗೆ ಬರುತ್ತಿತ್ತು: ಬಸ್ರೂರಿನ ಗದ್ದೆಗಳ ಪಂಪಿನ ಸೊಂಟ ಮುರಿದ ಒಡಲು, ಅಕ್ಕಿ ಮಿಲ್ಲಿನ ಸೊಟ್ಟ ತೋಳು, ನೀರಿನಡಿ ತಿರುಗಿ ಬೋಟನ್ನು ಮುಂದೆ ತಳ್ಳುವ, ಹಂಗಾರಕಟ್ಟೆಯವರ ಮೂರು ರೆಕ್ಕೆಯ ಹಿತ್ತಾಳೆ ಪಂಕ. ಇವಕ್ಕೆ ಹಿಡಿಯಲು ನೇರವಾದ ಬದಿಯೇ ಇರುವುದಿಲ್ಲ. ಮೈತುಂಬ ತೂತುಗಳಿರುವ ಕಬ್ಬಿಣದ ದೊಡ್ಡ ತಟ್ಟೆಯೊಂದನ್ನು ಲೇತಿಗೆ ಸಿಕ್ಕಿಸಿ, ಅದರ ಮೇಲೆ ವಸ್ತುವನ್ನಿಟ್ಟು, ಅದುಮಿ ಹಿಡಿಯುವ ಕ್ಲ್ಯಾಂಪು ಬೋಲ್ಟುಗಳಿಂದ ಬಿಗಿದು, ಎಲ್ಲಿ ಸಂದು ಉಳಿಯುತ್ತದೋ ಅಲ್ಲಿ ಆ ಸಂದಿನ ಆಕಾರಕ್ಕೇ ಕೆತ್ತಿದ ಹಲಸಿನ ಕೆಚ್ಚಿನ ತುಂಡು ಕೊಡಬೇಕು. ಒಂದು ಬದಿ ಭಾರ ಹೆಚ್ಚಾದರೆ ಇನ್ನೊಂದು ಬದಿಗೆ ಕಬ್ಬಿಣ ಕಟ್ಟಿ ಸಮ ಮಾಡಬೇಕು. ಇಷ್ಟಾದ ಮೇಲೆ ಸ್ವಿಚ್ಚು.

ನನಗೆ ಒಂಬತ್ತು, ಮಂಜನಿಗೆ ಆರೋ ಏಳೋ ಇದ್ದಿರಬೇಕು. ಬೇಸಿಗೆ ರಜೆಯಲ್ಲಿ ಒಂದು ದಿನ ಅಪ್ಪಯ್ಯ ನಮ್ಮಿಬ್ಬರಿಗೂ ಒಂದೊಂದು ಹಸಿ ಗೇರುಬೀಜ ಮತ್ತು ಒಂದೊಂದು ಅರ ಕೊಟ್ಟು, ಬೀಜದ ಬೆನ್ನನ್ನು ಮಾತ್ರ ಚಪ್ಪಟೆ ಮಾಡಬೇಕು, ಹೊಟ್ಟೆಗೆ ಗೀರು ಬೀಳಬಾರದು ಎಂದರು. ಗೇರುಬೀಜವನ್ನು ಹಿಡಿದು ನೋಡಿದವರಿಗೆ ಗೊತ್ತು, ಅದಕ್ಕೆ ಎಲ್ಲಿಯೂ ನೇರ ಇಲ್ಲ. ನಾನು ಗೋಣಿಚೀಲದ ತುಂಡು ಸುತ್ತಿ ಬೆಂಚಿಗೆ ಕೂರಿಸಿದ ವೈಸಿನ ದವಡೆಗೆ ಸಿಕ್ಕಿಸಿ ಬಿಗಿದೆ. ಎರಡು ಸಲ ಅರ ಎಳೆಯುವಷ್ಟರಲ್ಲಿ ಬೀಜ ಚಿಮ್ಮಿ ಹಲಗೆಯ ಗೋಡೆ ಹಾರಿ ದನದ ಮೈಮೇಲೆ ಬಿತ್ತು. ತೆಂಗಿನ ಹಗ್ಗದಲ್ಲಿ ಕಟ್ಟಿದೆ, ಅದೂ ಆಗಲಿಲ್ಲ. ಮಂಜ ಎಲ್ಲೋ ಮಾಯವಾದ. ಬಹಳ ಹೊತ್ತು ಬಿಟ್ಟು ಬಂದಾಗ ಅವನ ಕೈಯಲ್ಲಿ ಒಂದು ಗೆರಟೆ, ಅದರ ತುಂಬ ಹಲಸಿನ ಮೇಣ. ಬೀಜದ ಹೊಟ್ಟೆಯನ್ನು ಮೇಣದೊಳಗೆ ಒತ್ತಿ, ಗೆರಟೆಯನ್ನು ಬಾವಿಯ ತಣ್ಣೀರಿನಲ್ಲಿ ಮುಳುಗಿಸಿಟ್ಟು, ಮೇಣ ಬಿಗಿದ ಮೇಲೆ ಮೇಲೆದ್ದು ನಿಂತ ಬೆನ್ನನ್ನು ನಿಧಾನವಾಗಿ ಉಜ್ಜಿದ. ಅಪ್ಪಯ್ಯ ಅದನ್ನು ಬೆರಳಲ್ಲಿ ತಡವಿ ನೋಡಿ ನನ್ನ ಕಡೆ ತಿರುಗಿ, "ಅವ್ನ್ ಬೀಜದ ಮಾತ್ ಕೇಂಡ. ನೀ ಬೀಜಕ್ಕೇ ಮಾತ್ ಹೇಳೂಕ್ ಹೋದೆ" ಎಂದರು. ಅಮ್ಮ ನಕ್ಕರು. ಆ ಬೇಸಿಗೆಯಿಡೀ ನಾನು ಮನೆಯಲ್ಲಿ ದನಕ್ಕೆ ಬೀಜ ಹೊಡೆದವನಾದೆ. ಮಂಜ ಮಾತ್ರ ಒಮ್ಮೆಯೂ ಹಾಗೆ ಕರೆಯಲಿಲ್ಲ. ಅವನೂ ಕರೆದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ಕೊಟ್ಟಿಗೆಯಲ್ಲಿ ಒಂದು ಕಟ್ಟಳೆ ಇತ್ತು. ವಸ್ತುವನ್ನು ಬಿಗಿದವನು ತಾನೇ ಸ್ವಿಚ್ಚು ಹಾಕಬಾರದು. ಮನೆಯ ಇನ್ನೊಬ್ಬರನ್ನು ಕರೆಯಬೇಕು. ಬಂದವರು ಕಣ್ಣು ಮುಚ್ಚಿಕೊಂಡು ತಟ್ಟೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು, ಪ್ರತಿ ಕ್ಲ್ಯಾಂಪನ್ನೂ ಅದರ ಕೆಳಗಿನ ಮರದ ತುಂಡನ್ನೂ ಬೆರಳಿನಿಂದ ಅಲುಗಿಸಿ ನೋಡಬೇಕು. ಬಿಗಿದವನು "ಗಟ್ಟಿ ಇತ್ತಾ?" ಎಂದು ಕೇಳಬೇಕು, ನೋಡಿದವರು "ಗಟ್ಟಿ ಇತ್ತ್" ಎನ್ನಬೇಕು. ನಮ್ಮ ಕಡೆ ಇತ್ತ್ ಎಂದರೆ ಇದೆ ಎಂದೇ ಅರ್ಥ. ಆ ಮಾತು ಬಿದ್ದ ಮೇಲೆ ಮತ್ತೆ ಅನುಮಾನ ಪಡುವುದೂ ತಪ್ಪು, ಅದು ಮನೆಯವರ ಮಾತಿಗೆ ಮಾಡುವ ಅವಮಾನ. ಕಣ್ಣು ಯಾಕೆ ಮುಚ್ಚಬೇಕು ಎಂದು ನಾನೊಮ್ಮೆ ಕೇಳಿದ್ದಕ್ಕೆ ಅಪ್ಪಯ್ಯ, "ಕಣ್ಣಿಗೆ ಆಸೆ ಇತ್ತ್ ಮಗಾ, ಅದ್ ತನ್ಗೆ ಬೇಕಾದ್ದೇ ಕಾಣ್ತ್. ಕೈಗೆ ಆಸೆ ಇಲ್ಲೆ" ಎಂದಿದ್ದರು. ನಾವಿಲ್ಲದಾಗ ಅಮ್ಮ ಬಂದು ನೋಡುತ್ತಿದ್ದರು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಒಮ್ಮೆ ಅವರು ಇಲ್ಲ ಎಂದು ತಲೆಯಾಡಿಸಿದಾಗ ಅಪ್ಪಯ್ಯ ಮರುಮಾತಾಡದೆ ಎಲ್ಲ ಬಿಚ್ಚಿದರು. ನೋಡಿದರೆ ಒಂದು ಬೋಲ್ಟಿನ ತಿರುಪಿನ ಗೆರೆ ಸವೆದುಹೋಗಿತ್ತು. ಪೂಜೆಯ ದಿನ, ತಿಥಿಯ ದಿನ, ಅಪ್ಪಯ್ಯ ಮಡಿಯಲ್ಲಿರುವಾಗ ನಮಗೆ ತುರ್ತು ಕೆಲಸ ಬಂದರೆ ಅವರು ಒದ್ದೆ ಪಂಚೆಯಲ್ಲೇ ಬಂದು, ಎಣ್ಣೆ ಹಿಡಿದ ತಟ್ಟೆಯನ್ನು ಮುಟ್ಟಿ ನೋಡಿ, ಹೇಳಬೇಕಾದ್ದನ್ನು ಹೇಳಿ, ಮತ್ತೆ ಬಾವಿಕಟ್ಟೆಗೆ ಹೋಗಿ ಮೀಯುತ್ತಿದ್ದರು. ಒಂದೇ ದಿನ ಮೂರು ಸಲ ಮಿಂದದ್ದನ್ನು ನಾನು ಕಂಡಿದ್ದೇನೆ. ಶೀತವಾಗುತ್ತದೆ ಎಂದು ಅಮ್ಮ ಗೊಣಗಿದರೆ, ಶೀತಕ್ಕೆ ಕಷಾಯ ಇದೆ ಎನ್ನುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತೇಳರ ಹೊತ್ತಿಗೆ ಅಪ್ಪಯ್ಯ ಅಮ್ಮ ಇಬ್ಬರೂ ಇರಲಿಲ್ಲ. ನಾನು ಹೈಸ್ಕೂಲು ಮುಗಿಸಿದವನೆಂದು ಹೊರಗಿನ ಓಡಾಟ, ಕಬ್ಬಿಣ ತರುವುದು, ಜನರ ಹತ್ತಿರ ಮಾತಾಡುವುದು ನನ್ನ ಪಾಲಿಗೆ ಬಂದಿತ್ತು. ಲೇತು ಮಂಜನದು. ಹಂಗಾರಕಟ್ಟೆಯ ಬೋಟಿನವರು ನನ್ನನ್ನು ರಸ್ತೆಯಲ್ಲಿ ಕಂಡರೆ, "ಮಂಜಣ್ಣ ಇದ್ರಾ ಮನೇಲಿ?" ಎಂದೇ ಮಾತು ಶುರುಮಾಡುತ್ತಿದ್ದರು. ಇದನ್ನು ಬರೆಯದಿದ್ದರೆ ಮುಂದಿನದು ಅರೆಬರೆಯಾಗುತ್ತದೆ. ಹಿರಿಯನಾಗಿ ನನ್ನದು ಅಂತ ಉಳಿದದ್ದು ಅಪ್ಪಯ್ಯನ ತಿಥಿ ಮಾಡುವ ಹಕ್ಕೊಂದೇ ಎಂದು ನನಗೆ ಒಳಗೊಳಗೆ ಅನಿಸುತ್ತಿತ್ತು. ಆ ತಿಥಿ ಶ್ರಾವಣದಲ್ಲಿ ಬರುತ್ತಿತ್ತು, ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ದಿನಗಳಲ್ಲಿ.

ಆ ವರ್ಷ ತಿಥಿಯ ಹಿಂದಿನ ಸಂಜೆ ಶೀನಣ್ಣ ಒಂದು ಪಂಕ ತಂದಿಳಿಸಿದ. ಶೀನಣ್ಣ ಹಂಗಾರಕಟ್ಟೆಯವನು, ಸ್ವಂತ ಬೋಟಿನವನು, ನಮ್ಮ ಹಳೆಯ ಗಿರಾಕಿ. ಪಂಕದ ನಡುವಿನ ತೂತು ಅದನ್ನು ಸಿಕ್ಕಿಸುವ ಅವನ ಬೋಟಿನ ದಂಡಕ್ಕಿಂತ ಸಣ್ಣದಿತ್ತು, ಕೊರೆದು ದೊಡ್ಡದು ಮಾಡಬೇಕು. ಮರುದಿನ ಮಧ್ಯಾಹ್ನದ ಭರತಕ್ಕೆ, ನೀರು ಏರಿದಾಗಲೇ, ಹೊಳೆ ಕಡಲು ಸೇರುವ ಅಳಿವೆ ದಾಟದಿದ್ದರೆ ಉಳಿದ ಬೋಟುಗಳೆಲ್ಲ ಮುಂದೆ ಹೋಗುತ್ತವೆ. ನಾಳೆ ತಿಥಿ, ಆಗುವುದಿಲ್ಲ ಎಂದು ನಾನು ಹೇಳುವುದರೊಳಗೆ ಮಂಜ ಒಪ್ಪಿಕೊಂಡಾಗಿತ್ತು. ಬೆಳಿಗ್ಗೆ ಬೇಗ ಮುಗಿಸಿ, ಪಿಂಡದ ಹೊತ್ತಿಗೆ ಮಿಂದು ಬರುತ್ತೇನೆ ಎಂದ. ನನಗೆ ಸಿಟ್ಟು ಬಂತು, ತೋರಿಸಲಿಲ್ಲ. ಮೂರು ರೆಕ್ಕೆಯ ಓರೆಗೆ ಸರಿಯಾಗಿ ಮೂರು ಹಲಸಿನ ತುಂಡುಗಳನ್ನು ಅವನು ಅದೇ ಸಂಜೆ ಕೆತ್ತಿ ಬೆಂಚಿನ ಮೇಲೆ ಸಾಲಾಗಿಟ್ಟ. ಹಳದಿ, ನುಣ್ಣಗೆ, ಬೆಲ್ಲದ ಅಚ್ಚಿನ ಹಾಗಿದ್ದವು.

ಮರುದಿನ ಬೆಳಿಗ್ಗೆ ಭಟ್ಟರಿಗೆ ಮಣೆ ಹಾಕಿದರೆ ಅದು ಅಲ್ಲಾಡಿತು. ಪಡಸಾಲೆಯ ನೆಲ ಆ ಕಡೆ ಸ್ವಲ್ಪ ಕುಸಿದಿತ್ತು. ಮೀಯಲು ಹೋಗುವ ಮುಂಚೆ ನಾನು ಕೊಟ್ಟಿಗೆಗೆ ಹೋದೆ, ಬೆಂಚಿನ ಮೇಲಿನ ಮೂರರಲ್ಲಿ ಒಂದನ್ನು ತೆಗೆದುಕೊಂಡು ಬಂದು ಮಣೆಯ ಕಾಲಿನ ಕೆಳಗಿಟ್ಟೆ. ಸರಿಯಾಗಿ ಕೂತಿತು. ಅದು ಯಾತರ ತುಂಡು ಎಂದು ನನಗೆ ಗೊತ್ತಿತ್ತು. ಇವತ್ತಿನ ದಿನ ಅಪ್ಪಯ್ಯನ ಕೆಲಸ ದೊಡ್ಡದೋ ಶೀನಣ್ಣನ ಬೋಟು ದೊಡ್ಡದೋ, ಮಂಜನೇ ಹುಡುಕಿಕೊಂಡು ಬಂದು ಕೇಳಲಿ ಎಂದುಕೊಂಡೆ. ಆಮೇಲೆ ಮಿಂದು ಮಡಿ ಉಟ್ಟೆ. ಭಟ್ಟರು ಬಂದು ಮಣೆಯ ಮೇಲೆ ಕುಳಿತರು. ಮಂಜ ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದು ತುಂಡು ಕಂಡಿರಾ ಎಂದು ನನ್ನ ಹೆಂಡತಿಯನ್ನೂ ತನ್ನ ಹೆಂಡತಿ ಸರೋಜಳನ್ನೂ ಕೇಳುವುದು ಕೇಳಿಸಿತು. ಇಬ್ಬರಿಗೂ ಗೊತ್ತಿರಲಿಲ್ಲ. ನಾನು ದರ್ಭೆ ಬಿಡಿಸುತ್ತ ಕುಳಿತಿದ್ದೆ, ತಲೆಯೆತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಅವನು ನನ್ನನ್ನು ಕರೆದ. ಕೊಟ್ಟಿಗೆಯ ಹೊಸ್ತಿಲ ತನಕ ಹೋಗಿ ನಿಂತೆ. ಶೀನಣ್ಣ ಪಂಕ ಒಯ್ಯಲು ರಿಕ್ಷಾ ನಿಲ್ಲಿಸುತ್ತೇನೆಂದು ರಸ್ತೆಗೆ ಹೋಗಿದ್ದ, ಅಲ್ಲಿ ನಾವಿಬ್ಬರೇ. ಪಂಕ ತಟ್ಟೆಯ ಮೇಲೆ ಬಿಗಿದು ನಿಂತಿತ್ತು, ಹೊಸ ಹಿತ್ತಾಳೆ, ಗಾಜಿನ ಹಂಚಿನ ಬೆಳಕಿಗೆ ಮೂರು ರೆಕ್ಕೆಯೂ ಹೊಳೆಯುತ್ತಿತ್ತು. ಎರಡು ರೆಕ್ಕೆಗಳ ಕೆಳಗೆ ಹಳದಿ ಹಲಸು. ಮೂರನೆಯದರ ಕೆಳಗೆ ಬಿಳಿ ಮರ. ಯಾವುದೋ ಪಂಪು ಬಂದ ಪೆಟ್ಟಿಗೆಯ ಹಲಗೆಯಿಂದ ಅವಸರದಲ್ಲಿ ಕತ್ತರಿಸಿದ್ದು, ಉಗುರಿನಲ್ಲಿ ಒತ್ತಿದರೆ ಗುರುತು ಬೀಳುವಂಥ ಮರ. ಮಂಜನ ಹಣೆಯಲ್ಲಿ ಬೆವರಿತ್ತು.

"ಆ ಒಂದ್ ಬದಿ ನಂಗೆ ಸಮಾಧಾನ ಇಲ್ಲೆ, ಅಣ್ಣಯ್ಯ. ಒಂಚೂರ್ ಮುಟ್ಟಿ ಕಾಣ್" ಎಂದ.

"ಮಡೀಲ್ ಇದ್ದೆ. ಇಲ್ಲಿಂದ್ಲೇ ಕಾಣ್ತ್" ಎಂದೆ.

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಚಿಕ್ಕಂದಿನಿಂದ ಕೇಳುತ್ತ ಬಂದ ಹಾಗೆಯೇ, ಅದೇ ರಾಗದಲ್ಲಿ, "ಗಟ್ಟಿ ಇತ್ತಾ?" ಎಂದು ಕೇಳಿದ.

ಆ ಬಿಳಿ ಮರವನ್ನು ನಾನು ಕಂಡೆ. ಅದರ ಬದಲಿಗೆ ಇರಬೇಕಾದ ತುಂಡಿನ ಮೇಲೆ ಭಟ್ಟರು ಕುಳಿತಿದ್ದರು. ಇಲ್ಲ ಎಂದರೆ ಅದನ್ನು ತೆಗೆದುಕೊಟ್ಟು, ನಾನೇ ಒಯ್ದದ್ದೆಂದು ಒಪ್ಪಿಕೊಂಡು, ಭಟ್ಟರನ್ನು ಎಬ್ಬಿಸಬೇಕಿತ್ತು. ಹೋಗಲಿ, ಮುಟ್ಟಿ ನೋಡಿಯಾದರೂ ಹೇಳಬಹುದಿತ್ತು. ಬಾವಿ ಅಲ್ಲಿಂದ ಹತ್ತು ಹೆಜ್ಜೆ. ಒಂದು ಕೊಡ ನೀರು ಸುರಿದುಕೊಂಡಿದ್ದರೆ ನನ್ನ ಮಡಿ ನನಗೆ ವಾಪಸು ಸಿಗುತ್ತಿತ್ತು.

"ಗಟ್ಟಿ ಇತ್ತ್" ಎಂದೆ.

ತಿರುಗಿ ಬಂದು ಪವಿತ್ರ ಹಾಕಿಕೊಂಡು ಕುಳಿತೆ. ಭಟ್ಟರು ಹೇಳಿದ್ದನ್ನು ನಾನು ಹೇಳುತ್ತಿದ್ದೆ, ಅಪ್ಪಯ್ಯನ ಹೆಸರು, ಅಜ್ಜನ ಹೆಸರು. ಗೋಡೆಯಾಚೆ ಲೇತು ಶುರುವಾಯಿತು. ಅಮ್ಮನ ಹಾಗೆ ನನಗೂ ಸದ್ದು ಗೊತ್ತಿತ್ತು. ಮೊದಲು ಹಿತ್ತಾಳೆಯ ತೆಳು ಸಿಳ್ಳು, ಸರಿಯಾಗಿತ್ತು. ಆಮೇಲೆ ಅದರೊಳಗೆ ಇನ್ನೊಂದು ಸದ್ದು ಸೇರಿತು, ತಟ್ಟೆಯ ಪ್ರತಿ ಸುತ್ತಿನಲ್ಲೂ ಒಂದು ಸಲ, ಯಾರೋ ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ದನವೊಂದು ಕೂಗಿತು. ನಾನು ಎದ್ದು ಓಡಬಹುದಿತ್ತು, ಮಂತ್ರದ ನಡುವೆ ಏಳಬಾರದು ಎಂದು ಕುಳಿತೇ ಇದ್ದೆ. ತಟ್ಟುವ ಸದ್ದು ದೊಡ್ಡದಾಯಿತು. ಭಟ್ಟರು ಎಳ್ಳು ತೆಗೆದುಕೊಳ್ಳಿ ಎಂದರು. ನಾನು ಎಳ್ಳಿಗೆ ಕೈ ಹಾಕಿದಾಗ ಗೋಡೆಯ ಹಲಗೆ ಸೀಳಿದ ಸದ್ದು ಬಂತು, ಆಮೇಲೆ ಬೆಲ್ಟಿನ ಪಟಪಟ ಮಾತ್ರ.

ಮಂಜ ಬೆಂಚಿಗೆ ಒರಗಿ ಕುಳಿತಿದ್ದ. ಎಚ್ಚರವಿತ್ತು. ಬಿಳಿ ಮರ ನುಗ್ಗಾಗಿ ಕ್ಲ್ಯಾಂಪು ಸಡಿಲಿ, ಪಂಕ ಸ್ಥಾನ ತಪ್ಪಿ ಬಂದು, ಅವನ ಬಲಗೈಯನ್ನು ಮೊಣಕೈಯಿಂದ ಕೆಳಗೆ ಮುರಿದುಹಾಕಿತ್ತು. ಸರೋಜ ಓಡಿ ಬಂದಳು. ಶೀನಣ್ಣ ಪಂಕಕ್ಕೆಂದು ತಂದ ರಿಕ್ಷಾದಲ್ಲೇ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಕೈಯನ್ನು ಕತ್ತರಿಸಬೇಕಾಗಲಿಲ್ಲ, ಐದು ಬೆರಳೂ ಉಳಿದವು. ಆದರೆ ಅವು ಆಮೇಲೆ ಎಂದೂ ಮಡಚಲಿಲ್ಲ.

ಆಸ್ಪತ್ರೆಯಲ್ಲಿ ಸಂಜೆ ಅವನ ಮಂಚದ ಹತ್ತಿರ ನಾವು ಮೂವರು ನಿಂತಿದ್ದೆವು, ನಾನು, ಸರೋಜ, ಶೀನಣ್ಣ. ನಮ್ಮ ಮನೆಯ ಕಟ್ಟಳೆ ಶೀನಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಮೆಲ್ಲಗೆ, "ಐತಾಳ್ರೇ, ನೀವ್ ಮುಟ್ಟಿ ಕಂಡಿದ್ರಿ ಅಲ್ದಾ?" ಎಂದು ಕೇಳಿದ. "ನಾ ಮಡೀಲ್ ಇದ್ದಿದ್ದೆ ಶೀನಣ್ಣ. ಅಲ್ಲಿಗ್ ಹ್ಯಾಂಗ್ ಹೋಪ್ದ್?" ಎಂದೆ. ಅದರಲ್ಲಿ ಸುಳ್ಳಿನ ಶಬ್ದ ಒಂದೂ ಇಲ್ಲ, ಈಗಲೂ ಹುಡುಕಿದರೆ ಸಿಗುವುದಿಲ್ಲ. ಆದರೆ ಕೇಳಿದ ಇಬ್ಬರಿಗೂ ತಿಳಿದದ್ದು ಒಂದೇ: ಮಂಜ ಯಾರನ್ನೂ ಕೇಳದೆ ಸ್ವಿಚ್ಚು ಹಾಕಿದ. ಸರೋಜ ಅವನ ಮುಖ ನೋಡಿದಳು. ಮಂಜನ ಕಣ್ಣು ತೆರೆದೇ ಇತ್ತು, ಮಾತು ಅವನಿಗೆ ಕೇಳಿಸಿತ್ತು. ಅವನು ಮಾಡಿನ ಕಡೆ ನೋಡುತ್ತ ಮಲಗಿದ್ದ. ಆವತ್ತೂ ಏನೂ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಯಾಕೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮನೆಗೆ ಬಂದು, ಅರ್ಧಕ್ಕೆ ನಿಂತ ತಿಥಿಯ ಪಡಸಾಲೆಯಲ್ಲಿ, ಮಣೆಯ ಕೆಳಗಿನ ತುಂಡನ್ನು ತೆಗೆದು ಬಚ್ಚಲ ಒಲೆಗೆ ಹಾಕಿದೆ. ಹಲಸಿನ ಕೆಚ್ಚು ಬೇಗ ಹಿಡಿಯುವುದಿಲ್ಲ. ಅದು ಉರಿದು ಮುಗಿಯುವ ತನಕ ಅಲ್ಲೇ ಕುಕ್ಕರಗಾಲಲ್ಲಿ ಕುಳಿತಿದ್ದೆ.

ಒಂದೆರಡು ವಾರದಲ್ಲಿ ಅದು ಊರಮಾತಾಗಿ ಹೋಯಿತು. ಮುಟ್ಟಿ ನೋಡದೆ ನಡೆಯದ ಮನೆಯಲ್ಲಿ ಕೇಳದೆ ಸ್ವಿಚ್ಚು ಹಾಕಿದ ಮಗ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಮಂಜ ನನ್ನ ಮುಂದೆ ಬಂದು ನಿಂತು, ಎಡಗೈಯಲ್ಲಿ ಕೊರೆಯುವುದು ತನಗೆ ಸಾಧ್ಯ, ಬೋಲ್ಟು ಬಿಗಿಯಲು ಮಾತ್ರ ನಾನು ಕೈ ಜೋಡಿಸಿದರೆ ಸಾಕು ಎಂದ. ಅವನು ಲೇತಿನ ಮುಂದೆ ನಿಂತರೆ ದಿನಕ್ಕೆ ನಾಲ್ಕು ಸಲ ನನ್ನನ್ನು ಕರೆಯುತ್ತಿದ್ದ, ನಾಲ್ಕು ಸಲ ಅದೇ ಪ್ರಶ್ನೆ ಕೇಳುತ್ತಿದ್ದ. ಅದು ನನ್ನಿಂದಾಗುತ್ತಿರಲಿಲ್ಲ. "ಕೇಳ್ದೆ ಸ್ವಿಚ್ ಹಾಕ್ದವ್ನ ಕೈಗೆ ಮತ್ತೆ ಮಿಷನ್ ಕೊಡೂದಾ?" ಎಂದುಬಿಟ್ಟೆ, ಸರೋಜಳ ಎದುರಿಗೇ. ಆಸ್ಪತ್ರೆಯಲ್ಲಿ ಆಡಿದ್ದು ಹೆದರಿಕೆಗೆ ಎನ್ನಬಹುದೇನೋ. ಇದಕ್ಕೆ ಏನು ಹೇಳಲಿ? ಮಂಜ, "ಹೌದ್, ಅಣ್ಣಯ್ಯ" ಎಂದ. ಕೊಟ್ಟಿಗೆಗೆ ಬೀಗ ಬಿತ್ತು. ಆ ತಿಂಗಳೇ ಅವರಿಬ್ಬರೂ ಸರೋಜಳ ತವರು ಬೈಂದೂರಿಗೆ ಹೋದರು. ಮನೆಯಲ್ಲಿ ಉಳಿದ ನಮಗೆ ಕೊಟ್ಟಿಗೆಯ ಮೌನ ಅಭ್ಯಾಸವಾಯಿತು, ದನಗಳಿಗೆ ಆಗಲಿಲ್ಲ. ಒಂದೊಂದಾಗಿ ಅವನ್ನೂ ಕೊಟ್ಟುಬಿಟ್ಟೆವು.

ಬೈಂದೂರಿನಲ್ಲಿ ಸರೋಜಳ ಅಣ್ಣನದೊಂದು ಸಣ್ಣ ಹೋಟೆಲು, ಬಸ್ಸು ನಿಲ್ಲುವ ಕಡೆ. ಮಂಜ ಅಲ್ಲಿ ಪಾರ್ಸೆಲ್ ಕಟ್ಟುವ ಕೆಲಸಕ್ಕೆ ನಿಂತ. ಒಂದೇ ಕೈಯವನು ಪಾರ್ಸೆಲ್ ಹೇಗೆ ಕಟ್ಟುತ್ತಾನೆ ಎಂದು ನನಗೆ ಅರ್ಥವಾಗಿರಲಿಲ್ಲ. ಒಮ್ಮೆ ಹೋಗಿ ನೋಡಿದೆ. ಒಂದು ಹಲಗೆಗೆ ಎರಡು ಗೂಟ ಹೊಡೆದು, ಅವುಗಳ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು, ಅದಕ್ಕೆ ದಾರ ಕಟ್ಟಿ ಕಾಲಿನ ಕೆಳಗೊಂದು ಮೆಟ್ಟು ಮಾಡಿಕೊಂಡಿದ್ದ. ಬಾಳೆ ಎಲೆಯ ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಮೆಟ್ಟು ಒತ್ತಿದರೆ ಪಟ್ಟಿ ಬಂದು ಅದನ್ನು ಮಗುವಿನ ಹಾಗೆ ಹಿಡಿದುಕೊಳ್ಳುತ್ತಿತ್ತು, ಇಡ್ಲಿ ನಜ್ಜಾಗುತ್ತಿರಲಿಲ್ಲ, ಚಟ್ನಿ ಸೋರುತ್ತಿರಲಿಲ್ಲ. ಎಡಗೈಯಲ್ಲಿ ದಾರ ಸುತ್ತಿ ಹಲ್ಲಿನಲ್ಲಿ ಕಡಿಯುತ್ತಿದ್ದ. ಗಿರಾಕಿಗಳು ಅವನಿಗೆ ತಮಾಷೆ ಮಾಡುತ್ತಿದ್ದರು, ಅವನೂ ಬಿಡುತ್ತಿರಲಿಲ್ಲ. ನನಗೆ ಚಹಾ ಕೊಡಿಸಿದ. ಹೊರಡುವಾಗ ಆ ಹಲಗೆಯನ್ನು ತೋರಿಸಿ, ನಗುತ್ತಲೇ, "ಕಂಡ್ಯಾ ಅಣ್ಣಯ್ಯ, ಇದಕ್ಕೆ ಯಾರ್ನೂ ಕೇಳೂದ್ ಬ್ಯಾಡ" ಎಂದ. ಅಷ್ಟು ವರ್ಷಗಳಲ್ಲಿ ಅವನು ಅದರ ಬಗ್ಗೆ ಆಡಿದ ಮಾತು ಅದೊಂದೇ. ಆವತ್ತು ಹೇಳಬಹುದಿತ್ತು. ಬಸ್ಸು ಬಂತು ಎಂದು ಎದ್ದು ಬಂದೆ. ಎರಡು ಸಾವಿರದ ಹನ್ನೆರಡರಲ್ಲಿ ಒಂದು ಬೆಳಿಗ್ಗೆ ಅವನು ಅದೇ ಹಲಗೆಯ ಮುಂದೆ ಎದೆ ಒತ್ತಿಕೊಂಡು ಕುಳಿತ, ಮತ್ತೆ ಏಳಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಹೆದ್ದಾರಿ ಅಗಲವಾಗುವ ಸಲುವಾಗಿ ನಮ್ಮ ಮನೆ ಹೋಯಿತು. ನನ್ನ ಹೆಂಡತಿ ಅದನ್ನು ನೋಡಲು ಇರಲಿಲ್ಲ, ಅವಳು ಹಿಂದಿನ ವರ್ಷವೇ ಹೋಗಿದ್ದಳು. ಹಂಚು ಇಳಿಸಿದರು, ಮಾಡು ಬಿಚ್ಚಿದರು, ಗಾಜಿನ ಹಂಚುಗಳನ್ನು ಯಾರೋ ಕೇಳಿಕೊಂಡು ಒಯ್ದರು. ಕೊನೆಗೆ ಲೇತು. ಅದರ ಕಾಲಿನ ಬೋಲ್ಟುಗಳನ್ನು ಬಿಚ್ಚಿ ನಾಲ್ಕು ಜನ ಸನ್ನೆಗೋಲು ಹಾಕಿ ಎಬ್ಬಿಸಿದಾಗ ಅಡಿಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಎಣ್ಣೆ ಮಣ್ಣು. ಅದರೊಳಗೆ ಏನೋ ಕಂಡಿತು. ಕೆದಕಿ ತೆಗೆದೆ. ಅಂಗೈಯಷ್ಟು ಮರದ ತುಂಡು, ಎಣ್ಣೆ ಕುಡಿದು ಕಪ್ಪಾಗಿತ್ತು, ಮುರಿದ ತುದಿಯಲ್ಲಿ ಮಾತ್ರ ಒಳಗಿನ ಬಿಳುಪು. ನಡುವೆ ಕ್ಲ್ಯಾಂಪಿನ ಮೂಗು ಊರಿದ ಗುರುತು, ಹೆಬ್ಬೆರಳು ಇಳಿಯುವಷ್ಟು ಆಳ. ನಾನು ಹೆಬ್ಬೆರಳು ಇಟ್ಟು ನೋಡಿದೆ. ಆ ಮರವನ್ನು ನಾನು ಮುಟ್ಟಿದ್ದು ಅದೇ ಮೊದಲು. ಲಾರಿ ಹೊರಡುವ ತನಕ ಕಾಯಲಿಲ್ಲ, ಬೈಂದೂರಿನ ಬಸ್ಸು ಹತ್ತಿದೆ.

ಸರೋಜ ಜಗಲಿಯಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ, ಮಣೆಯ ಕೆಳಗಿನ ತುಂಡಿನಿಂದ ಹಿಡಿದು. ಅವಳ ಕೈ ಎಲ್ಲಿಯೂ ನಿಲ್ಲಲಿಲ್ಲ. ಮುಗಿದ ಮೇಲೆ, "ಅವ್ರ್ ಕೇಳಿದ್ರಾ ಭಾವ?" ಎಂದಳು. ಕೇಳಿದ ಎಂದೆ. ಇನ್ನಷ್ಟು ಅಕ್ಕಿ ಆರಿಸಿದಳು. ಆಮೇಲೆ ಮೊರವನ್ನು ನಿಧಾನವಾಗಿ ಕೆಳಗಿಟ್ಟಳು.

"ಹದ್ನೈದ್ ವರ್ಷ ನಾ ಅವ್ರಿಗೆ ಬೈದೆ. ಎಂತ ಆದ್ರೂ ಅದನ್ನೇ ಎತ್ತಿ ಆಡ್ದೆ. ‘ಕೇಳ್ದೆ ಸ್ವಿಚ್ ಹಾಕ್ದವ್ರ್ ನೀವ್, ನಿಮ್ಗೆಂತ ಗೊತ್ತಾತ್ತ್’ ಅಂದೆ. ಅವ್ರ್ ಹೋದ ದಿನ ಬೆಳಿಗ್ಗೆ ಸಮೇತ ಅಂದೆ. ಒಂದ್ ದಿನ ಬಾಯ್ ಬಿಡ್ಲಿಲ್ಲೆ. ಈಗ ನಾ ಯಾರ್ ಹತ್ರ ಹೋಯಿ ತಪ್ಪಾಯ್ತ್ ಅಂಬ್ದ್?"

ನಾನು ಒಬ್ಬನ ಮೇಲೆ ಹೊರಿಸಿದೆ ಎಂದುಕೊಂಡಿದ್ದೆ. ಅವಳ ಬಾಯಿಂದ ಅಷ್ಟು ವರ್ಷ ಅವನಿಗೆ ಬೈಗುಳ ತಿನ್ನಿಸಿದವನೂ ನಾನೇ. ಅವಳು ಅಳಲಿಲ್ಲ, ನನಗೆ ಕುಳಿತುಕೊಳ್ಳಿ ಎನ್ನಲಿಲ್ಲ. ತನ್ನೊಬ್ಬಳಿಗೆ ಹೇಳಿದರೆ ಆಗಲಿಲ್ಲ, ಆ ಶೀನಣ್ಣನಿಗೆ ಹೋಗಿ ಹೇಳಬೇಕು, ಊರ ತುಂಬ ಅದನ್ನು ಹೇಳಿಕೊಂಡು ಬಂದವರು ಅವರು ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಹಂಗಾರಕಟ್ಟೆಗೆ ಹೋದೆ. ಶೀನಣ್ಣ ಹೊಳೆಯ ದಡದಲ್ಲಿ, ದುರಸ್ತಿಗೆ ಮೇಲೆಳೆದ ಬೋಟಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ. ಎಂಬತ್ತು ದಾಟಿತ್ತು. ಮೂರ್ನಾಲ್ಕು ಜನ ಬೋಟಿನ ಹಲಗೆ ಬದಲಿಸುತ್ತಿದ್ದರು. ನಾನು ಅವನ ಪಕ್ಕ ಕುಳಿತು, ಅವರಿಗೆ ಕೇಳದ ಹಾಗೆ ಮೆತ್ತಗೆ ಶುರುಮಾಡಿದೆ. ಅವನು ಕಿವಿಯ ಹಿಂದೆ ಕೈ ಹಿಡಿದ. ಜೀವಮಾನವಿಡೀ ಇಂಜಿನ್ನಿನ ಪಕ್ಕ ನಿಂತವನ ಕಿವಿ. "ಕೇಂತಿಲ್ಲೆ ಐತಾಳ್ರೇ, ಜೋರ್ ಹೇಳಿ" ಎಂದ. ಸ್ವಲ್ಪ ಜೋರಾಗಿ ಹೇಳಿದೆ. ಮತ್ತೆ ತಲೆಯಾಡಿಸಿದ. ಹದಿನೆಂಟು ವರ್ಷ ಉಸಿರಿನಲ್ಲೂ ಹೊರಗೆ ಬಿಡದ ಮಾತನ್ನು ಎದ್ದು ನಿಂತು ಕೂಗಿ ಹೇಳಬೇಕಾಯಿತು. ಮಂಜ ಕೇಳಿದ್ದ. ನಾನು ಮುಟ್ಟದೆ ಗಟ್ಟಿ ಇದೆ ಎಂದೆ. ಅವನ ತಪ್ಪಲ್ಲ. ಸುತ್ತಿಗೆಯ ಸದ್ದು ನಿಂತಿತು. ಕೆಲಸದವರು ನನ್ನ ಕಡೆ ನೋಡುತ್ತಿದ್ದರು.

ಶೀನಣ್ಣ ಹೊಳೆಯ ನೀರಿನ ಕಡೆ ಮುಖ ತಿರುಗಿಸಿದ. "ನಾ ಅವ್ರಿಗೆ ಅವಸರ ಮಾಡಿದ್ದೆ" ಎಂದ. "ಭರತ ತಪ್ಪತ್ತ್, ಬೇಗ, ಬೇಗ ಅಂದೆ. ಅದಕ್ಕೇ ಕೇಳೂಕ್ ಸಮೇತ ನಿಲ್ಲಿಲ್ಲೆ, ನನ್ನಿಂದ್ಲೇ ಆಯ್ತ್ ಅಂದ್ಕಂಡಿದ್ದೆ, ಇಲ್ಲಿವರಿಗೂ." ಆ ಪಂಕವನ್ನು ಅವನು ಆಮೇಲೆ ಬೋಟಿಗೆ ಹಾಕಲೇ ಇಲ್ಲವಂತೆ. ನನಗೆ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಕುರ್ಚಿಯಲ್ಲೇ ಪ್ರಯಾಸದಿಂದ ತಿರುಗಿ ಬೋಟಿನವರನ್ನು ಕರೆದ.

"ಹ್ವಾಯ್, ಕೇಂಡ್ರಾ? ಮಂಜಣ್ಣ ಕೇಳಿದ್ರ್ ಅಂಬ್ರ್."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಯಾರಿಗೂ ನಲವತ್ತು ಆಗಿರಲಾರದು. ಕೈಯಲ್ಲಿ ಮೊಳೆ ಹಿಡಿದಿದ್ದ ಒಬ್ಬ ವಿನಯದಿಂದಲೇ, "ಯಾವ ಮಂಜಣ್ಣ?" ಎಂದು ಕೇಳಿದ.

ಶೀನಣ್ಣ ಹೇಳತೊಡಗಿದ. ಸಾಲಿಗ್ರಾಮದ ಹತ್ತಿರ ಒಂದು ಮನೆ ಇತ್ತು, ಅಲ್ಲಿ ಹೀಗೊಬ್ಬರು ಇದ್ದರು, ಎಂಥ ಸೊಟ್ಟ ವಸ್ತು ಕೊಟ್ಟರೂ ಹಿಡಿದು ಕೊರೆದು ಕೊಡುತ್ತಿದ್ದರು ಎಂದು. ಹೇಳುವಾಗ ಹೆಸರುಗಳು ತಪ್ಪಿದವು, ವರ್ಷಗಳು ಹಿಂದುಮುಂದಾದವು. ಅವರು ಕೆಲಸ ಬಿಟ್ಟು ಕೇಳುತ್ತ ನಿಂತರು. ನಾನು ಎಲ್ಲಿಯೂ ತಿದ್ದಲಿಲ್ಲ. ಅವನು ಹೇಳಿ ಮುಗಿಸುವ ತನಕ ಅಲ್ಲಿಯೇ ನೆಲದ ಮೇಲೆ ಕುಳಿತಿದ್ದೆ.